ಆಪರೇಷನ್ ಆದ ಅಮ್ಮನನ್ನು ಮನೆಗೆ ಕರೆತಂದ ಮೇಲೆ ಸಹಾಯಕ್ಕೆ ಯಾರನ್ನು ಹುಡುಕಲಿ? ಏಜೆನ್ಸಿಯವರೋ, ಕೇರ್ ಹೋಮೋ?

"ಮನೆಗೆ ಕರೆತಂದ ಮೇಲೆ" ಅಂತ ಬರೆದಿದ್ದೀರಲ್ಲ, ನನ್ನ ತಕರಾರು ಅಲ್ಲೇ ಇದೆ. ನಿಮ್ಮ ತಾಯಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ಆಗಿದೆ, ಮುಂದಿನ ವಾರ ಬಿಡುತ್ತಾರಂತೆ. ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಸಮಯ ಇದೆ. ಹುಡುಕುವುದನ್ನು ಇವತ್ತೇ, ಆ ವಾರ್ಡಿನ ಒಳಗೇ ಶುರು ಮಾಡಿ. ಏಜೆನ್ಸಿಯೋ ಕೇರ್ ಹೋಮೋ ಅನ್ನುವುದು ಆಮೇಲಿನ ಮಾತು.

ನನ್ನ ಅಪ್ಪನದೂ ಇದೇ ಕಥೆ. ರಾತ್ರಿ ಬಾತ್‌ರೂಮಿಗೆ ಎದ್ದು ಹೋಗುವಾಗ ಬಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ದಿನ ನರ್ಸ್ ಒಬ್ಬರು ಒಂದು ಫಾರಂ ಹಿಡಿದು ಬಂದರು. "ಮನೆಯಲ್ಲಿ ಯಾರಿದ್ದೀರಿ? ಸಹಾಯ ಏನಾದರೂ ಬೇಕಾ?" ಅಂದರು. ನಾನು ಬ್ಯಾಗಿಗೆ ಬಟ್ಟೆ ತುರುಕುತ್ತಾ, ತಲೆ ಕೂಡ ಎತ್ತದೆ, "ನಾವಿದ್ದೇವಲ್ಲ, ನೋಡಿಕೊಳ್ಳುತ್ತೇವೆ" ಅಂದೆ. ಅವರು ಒಂದು ಕಡೆ ಗುರುತು ಹಾಕಿಕೊಂಡು ಹೋದರು.

ಆ ಒಂದು ಮಾತಿನಿಂದ ಏನೇನು ಹೋಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಅದನ್ನು ಉಪಚಾರದ ಪ್ರಶ್ನೆ ಅಂದುಕೊಂಡಿದ್ದೆ. ಮನೆಗೆ ಬಂದವರು "ಹೇಗಿದ್ದೀರಿ" ಅಂದರೆ "ಚೆನ್ನಾಗಿದ್ದೇವೆ" ಅನ್ನುವುದಿಲ್ಲವಾ, ಹಾಗೆ. ಜೊತೆಗೆ ಒಂದು ಜಂಬವೂ ಇತ್ತು. ಮಕ್ಕಳಿದ್ದೂ ಹೊರಗಿನವರ ಸಹಾಯ ಬೇಕು ಅಂದರೆ ಏನಂದುಕೊಳ್ಳುತ್ತಾರೋ ಅಂತ. ಆದರೆ ಅವರು ಕೇಳಿದ್ದು ಉಪಚಾರಕ್ಕಲ್ಲ. "ಬೇಕು, ನಮ್ಮಿಂದ ಒಬ್ಬರಿಂದಲೇ ಆಗಲ್ಲ" ಅಂದಿದ್ದರೆ ಆ ಫಾರಂ ಬೇರೆ ಟೇಬಲಿಗೆ ಹೋಗುತ್ತಿತ್ತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ (ಸೋಷಿಯಲ್ ವರ್ಕರ್) ಬಂದು ಮಾತಾಡುತ್ತಿದ್ದರು. ದಿನನಿತ್ಯದ ಕೆಲಸ ಮತ್ತೆ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಮನೆಯ ಮಂಚ ಎಷ್ಟು ಎತ್ತರ, ಟಾಯ್ಲೆಟ್ ಸೀಟ್ ಎಷ್ಟು ಎತ್ತರ ಅಂತ ಕೇಳುತ್ತಿದ್ದರು. ಫಿಸಿಯೋಥೆರಪಿಸ್ಟ್ ಅಪ್ಪನನ್ನು ಹೇಗೆ ಎಬ್ಬಿಸಬೇಕು ಅಂತ ನನ್ನ ಕೈಯಲ್ಲೇ ಮಾಡಿಸಿ ತೋರಿಸುತ್ತಿದ್ದರು. ಇವರೆಲ್ಲ ಅದೇ ಕಟ್ಟಡದಲ್ಲಿದ್ದರು! ನಾವಿದ್ದೇವೆ ಅಂದ ಮೇಲೆ ಅವರೇಕೆ ಬರುತ್ತಾರೆ? ಹೊರಗೆ ಬಂದ ಮೇಲೆ ಇದೇ ಜನರನ್ನು ಹುಡುಕಿದರೆ ಅಪಾಯಿಂಟ್‌ಮೆಂಟ್, ಸರದಿ, ಶಿಫಾರಸು ಪತ್ರ, ಎಲ್ಲ ಮೊದಲಿನಿಂದ.

ಮನೆಗೆ ಬಂದೆವು. ಟಾಯ್ಲೆಟ್ ಸೀಟ್ ತಗ್ಗಿನಲ್ಲಿತ್ತು, ಕೂತರೆ ಏಳಲಾಗದು. ನಾನು ಎರಡೂ ಕೈ ಹಿಡಿದು ಎಳೆಯುತ್ತಿದ್ದೆ. ವಯಸ್ಸಾದವರ ಭುಜಕ್ಕೆ ಅದಕ್ಕಿಂತ ಕೆಟ್ಟದ್ದು ಇಲ್ಲ ಅಂತ ಆಮೇಲೆ ಗೊತ್ತಾಯಿತು. ಅವರ ಪಾದ ಹಿಂದಕ್ಕೆ ತಂದು, ಮೈ ಮುಂದಕ್ಕೆ ಬಾಗಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬಂದಾಗ ಏಳಿಸಿದರೆ ಅರ್ಧ ಭಾರ ತಾನಾಗಿಯೇ ಎದ್ದು ಬರುತ್ತದೆ. (ಎಷ್ಟು ಬಾಗಬಹುದು ಅನ್ನುವುದನ್ನು ಮಾತ್ರ ಫಿಸಿಯೋ ಹತ್ತಿರ ಕೇಳಿಕೊಳ್ಳಿ. ಕೀಲು ಬದಲಾಯಿಸಿದ ಕೆಲವರಿಗೆ ಸೊಂಟ 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು, ಕಾಲಿನ ಮೇಲೆ ಕಾಲು ಹಾಕಬಾರದು ಅಂತ ಇರುತ್ತದೆ.) ಇದನ್ನು ಕಲಿಯಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ನಾನೇ ಬೇಡ ಅಂದಿದ್ದೆ.

ನೋವಿಗೆ ಹೆದರಿ ಅಪ್ಪ ಅಲ್ಲಾಡದೆ ಮಲಗುತ್ತಿದ್ದರು. ಒಂದು ದಿನ ಸಾಕ್ಸ್ ಬದಲಾಯಿಸುವಾಗ ನೋಡಿದರೆ ಹಿಮ್ಮಡಿಯಲ್ಲಿ ನಾಣ್ಯದಗಲ ನೇರಳೆ ಕಲೆ. ಮುಟ್ಟಿದರೆ ಮೆತ್ತಗೆ. ನೋವಿದೆಯಾ ಅಂದರೆ ಇಲ್ಲ ಅಂದರು. ಎಲ್ಲೋ ತಾಗಿರಬೇಕು ಅಂತ ಮುಲಾಮು ಹಚ್ಚಿ ಸುಮ್ಮನಾದೆ. ಅದು ಹಾಸಿಗೆ ಹುಣ್ಣು. ಹೊರಗೆ ಕಾಣುವ ಹೊತ್ತಿಗೆ ಒಳಗಿನ ಮಾಂಸ ಕೆಟ್ಟಿತ್ತು. ಆಮೇಲೆ ಒಬ್ಬ ನರ್ಸ್ ಇನ್ನೊಂದು ಹಿಮ್ಮಡಿಯ ಕೆಂಪು ಜಾಗವನ್ನು ಬೆರಳಲ್ಲಿ ಒತ್ತಿ ತೋರಿಸಿದರು. ಒತ್ತಿ ಬಿಟ್ಟಾಗ ಕ್ಷಣ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು, ಆ ಜಾಗ ಬಿಸಿ ಇದೆಯಾ, ಗಟ್ಟಿಯೋ ಮೆತ್ತಗೋ ಅಂತ ಮುಟ್ಟಿ ನೋಡಬೇಕು. ಪರಿಹಾರ ಅಂತ ಹೇಳಿದ್ದು ಕೂಡ ದೊಡ್ಡದೇನಲ್ಲ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ನೋಡಿಕೊಳ್ಳುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಿನ ಕೆಳಭಾಗ ದಿನಾ ನೋಡುವುದು. ನಡುವೆ ತೂತಿರುವ ರಿಂಗ್ ದಿಂಬು ಮಾತ್ರ ತರಬೇಡಿ, ಅದು ಸುತ್ತಲಿನ ಚರ್ಮವನ್ನೇ ಒತ್ತುತ್ತದೆ.

ಹಿಮ್ಮಡಿಯ ಮೇಲೆ ಭಾರ ಹಾಕಬಾರದು ಅಂದರು. ನಡಿಗೆ ಕಲಿಯಬೇಕಾದ ಸಮಯವೆಲ್ಲ ಹುಣ್ಣು ಮಾಗಿಸುವುದರಲ್ಲೇ ಹೋಯಿತು. ಮೂಳೆ ಕೂಡಿಕೊಂಡಿತು, ಕಾಲಿನ ಬಲ ವಾಪಸ್ ಬರಲಿಲ್ಲ. ಅಪ್ಪ ಆಮೇಲೆ ಯಾವತ್ತೂ ಒಬ್ಬರೇ ನಡೆಯಲಿಲ್ಲ. "ನಾವಿದ್ದೇವೆ" ಅಂದದ್ದಕ್ಕೆ ಕೊಟ್ಟ ಬೆಲೆ ಇದು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನ ಬುದ್ಧಿ ಅಂಥದ್ದು.

ಈಗ ನಿಮ್ಮ ವಿಷಯ. "ಯಾರನ್ನು ಇಟ್ಟುಕೊಳ್ಳಲಿ" ಅನ್ನುವ ಮೊದಲು "ಯಾವ ಕೆಲಸಕ್ಕೆ" ಅಂತ ಬರೆದುಕೊಳ್ಳಿ. ಸಿಡ್ನಿ ಕಾಟ್ಸ್ ಅನ್ನುವ ಅಮೆರಿಕದ ವೈದ್ಯರು 1963ರಲ್ಲಿ ಒಂದು ಅಳತೆ ಕೊಟ್ಟರು: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಹಿಡಿತ, ಊಟ. ಇದು ಹುಟ್ಟಿದ್ದೇ ನಿಮ್ಮ ತಾಯಿಯ ಥರ ಸೊಂಟದ ಮೂಳೆ ಮುರಿದವರನ್ನು ನೋಡಿ ನೋಡಿ. ಚೇತರಿಸಿಕೊಳ್ಳುವಾಗ ಸಾಮಾನ್ಯವಾಗಿ ಊಟ ಮೊದಲು ತಮ್ಮ ಕೈಗೆ ಬರುತ್ತದೆ, ಸ್ನಾನ ಕೊನೆಗೆ. ಒಂದೊಂದರ ಮುಂದೆಯೂ ಅಮ್ಮ ಒಬ್ಬರೇ ಮಾಡುತ್ತಾರಾ, ಕೈ ಬೇಕಾ, ದಿನದ ಯಾವ ಹೊತ್ತಿಗೆ ಬೇಕು ಅಂತ ಬರೆಯಿರಿ. ಬರೆದಾಗಲೇ ಗೊತ್ತಾಗುವುದು. ನಾವು ಹಗಲಿಗೆ ಒಬ್ಬರನ್ನು ಇಟ್ಟಿದ್ದೆವು, ಅವರು ಮಧ್ಯಾಹ್ನ ಪೂರ್ತಿ ಸುಮ್ನೆ ಕೂತಿರುತ್ತಿದ್ದರು. ಅಪ್ಪ ಎದ್ದು ಓಡಾಡಲು ನೋಡುತ್ತಿದ್ದದ್ದು ರಾತ್ರಿ!

ಆ ಪಟ್ಟಿ ಹಿಡಿದು ವಾರ್ಡಿನಲ್ಲಿ ಸಮಾಜ ಕಾರ್ಯಕರ್ತರು ಇದ್ದಾರಾ ಕೇಳಿ. ಹೆಚ್ಚಿನವರಿಗೆ ಇಂಥವರೊಬ್ಬರು ಇರುತ್ತಾರೆ ಅನ್ನುವುದೇ ಗೊತ್ತಿಲ್ಲ. ಸರ್ಕಾರದಿಂದ ಹಿರಿಯರಿಗೆ ಏನು ಸಿಗುತ್ತದೆ, ವಾಕರ್, ಕಮೋಡ್ ಕುರ್ಚಿ ಎಲ್ಲಿ ಎರವಲು ಕೊಡುತ್ತಾರೆ, ಮನೆಗೆ ಬರುವ ನರ್ಸ್ ಯಾರು, ನಿಮಗೆ ನಾಲ್ಕು ದಿನ ಬಿಡುವು ಬೇಕಾದರೆ ಅಮ್ಮನನ್ನು ಎಲ್ಲಿ ಬಿಡಬಹುದು, ಇದೆಲ್ಲ ಅವರ ಕೈತುದಿಯಲ್ಲಿರುತ್ತದೆ. ಅವರಿಲ್ಲದಿದ್ದರೆ ಹೆಡ್ ನರ್ಸ್ ಹತ್ತಿರ ಹೋಗಿ. ಡಾಕ್ಟರನ್ನು ಕೇಳಿ ಅಂತ ನಾನು ಹೇಳುವುದಿಲ್ಲ. ಅವರಿಗೆ ಮೂಳೆ ಗೊತ್ತು, ನಿಮ್ಮ ಮನೆಯ ಮೆಟ್ಟಿಲು ಗೊತ್ತಿಲ್ಲ.

ಇನ್ನೊಂದು ಭಯ ನಿಮ್ಮ ಪ್ರಶ್ನೆಯ ಕೊನೆಯಲ್ಲಿದೆ. ಅಮ್ಮ ಆಪರೇಷನ್ ಆದ ಮೇಲೆ ಏನೇನೋ ಮಾತಾಡುತ್ತಾರೆ, ಮರೆವಿನ ಕಾಯಿಲೆ ಇರಬಹುದಾ ಅಂತ. ದಿಢೀರ್ ಅಂತ ಶುರುವಾಗಿ, ಬೆಳಿಗ್ಗೆ ಸರಿ ಇದ್ದು ಸಂಜೆ ಜಾಸ್ತಿಯಾಗುತ್ತಿದ್ದರೆ ಅದು ಡೆಲಿರಿಯಂ, ಅಂದರೆ ದಿಢೀರ್ ಬರುವ ಮನಸ್ಸಿನ ಗೊಂದಲ, ಇರಬಹುದು. ನೀವು ಹೆದರಿರುವ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಸಾಮಾನ್ಯವಾಗಿ ತಿಂಗಳು, ವರ್ಷ ತೆಗೆದುಕೊಂಡು ಬರುತ್ತದೆ. ಸೋಂಕು, ಮಲಬದ್ಧತೆ, ನೀರು ಕಮ್ಮಿಯಾಗಿರುವುದು, ಹೊಸ ಮಾತ್ರೆ, ಇವೆಲ್ಲ ಡೆಲಿರಿಯಂಗೆ ಕಾರಣ ಆಗಬಹುದು, ಹೆಚ್ಚಿನವಕ್ಕೆ ಮದ್ದಿದೆ. ಇವತ್ತೇ ನರ್ಸಿಗೆ ಹೇಳಿ. ಕನ್ನಡಕ, ಕಿವಿಯ ಮಿಷಿನ್ ಹಾಕಿಸಿ. ನಿದ್ದೆ ಬರಲಿ ಅಂತ ಅಂಗಡಿಯ ಅಲರ್ಜಿ ಮಾತ್ರೆ ಕೊಡಬೇಡಿ, ಡೈಫೆನ್‌ಹೈಡ್ರಮೀನ್ ಥರದ್ದು ವಯಸ್ಸಾದವರಿಗೆ ಗೊಂದಲ ಹೆಚ್ಚಿಸುತ್ತದೆ, ಬೀಳುವುದನ್ನೂ. ಹಳೆಯ ಮಾತ್ರೆ, ಹೊಸ ಮಾತ್ರೆ ಎಲ್ಲ ಒಂದೇ ಹಾಳೆಯಲ್ಲಿ ಬರೆದು, ಯಾವುದು ನಿಲ್ಲಿಸಬೇಕು ಅಂತ ಆಸ್ಪತ್ರೆಯಿಂದ ಬಿಡುವ ಮೊದಲೇ ಕೇಳಿ.

ಏಜೆನ್ಸಿ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಬರುವವರನ್ನು ಎರಡು ಮಾತು ಕೇಳಿ. ನೀವು ಬರದ ದಿನ ಯಾರು ಬರುತ್ತಾರೆ? ಮೂಳೆ ಆಪರೇಷನ್ ಆದವರನ್ನು ಹೇಗೆ ಎಬ್ಬಿಸುತ್ತೀರಿ, ತೋರಿಸಿ? ಕೈ ಹಿಡಿದು ಎಳೆಯಲು ಬಂದರೆ ನಮಸ್ಕಾರ ಹೇಳಿ ಕಳಿಸಿ. ಕೇರ್ ಹೋಮ್ ಅಂದರೆ ಅಮ್ಮನನ್ನು ದೂರ ಮಾಡಿದಂತೆ ಅಂತ ಬರೆದಿದ್ದೀರಿ, ಅದನ್ನು ನಾನು ಒಪ್ಪಲ್ಲ. ಕೆಲವು ವಾರ ಅಲ್ಲಿದ್ದು, ದಿನಾ ಫಿಸಿಯೋ ಆಗಿ, ನಡೆಯುವಂತಾದ ಮೇಲೆ ಮನೆಗೆ ಬರಬಹುದು. ನಮಗೆ ಆ ದಾರಿ ಇತ್ತು, ನಾನು ಕೇಳಲೇ ಇಲ್ಲ.

ಅಣ್ಣ ದೂರದಲ್ಲಿದ್ದಾನೆ, ಬರೀ ಸಲಹೆ ಕೊಡುತ್ತಾನೆ ಅಂದಿರಿ. ಸಲಹೆ ಬೇಡ, ಕೆಲಸ ಕೊಡಿ. ಇನ್ಶೂರೆನ್ಸ್ ಕಾಗದ, ಬಿಲ್ಲು, ಮಾತ್ರೆ ತರಿಸುವುದು, ಇದನ್ನೆಲ್ಲ ಎಲ್ಲಿ ಕೂತು ಬೇಕಾದರೂ ಮಾಡಬಹುದು. ಬ್ಯಾಂಕು, ಆಸ್ತಿ ವಿಚಾರ ನೋಡಿಕೊಳ್ಳಲು ಅಧಿಕಾರ ಪತ್ರ ಬೇಕಿದ್ದರೆ ಅಮ್ಮನ ಮನಸ್ಸು ತಿಳಿಯಾಗಿರುವಾಗಲೇ ವಕೀಲರನ್ನು ಕಾಣಿ. ಗೊಂದಲ ಇರುವಾಗ ಹಾಕಿದ ಸಹಿ ನಿಲ್ಲುವುದಿಲ್ಲ.

ಬಿಡುವ ದಿನದ ಬಗ್ಗೆ ಒಂದು ಮಾತು. ರಜೆಯ ಹಿಂದಿನ ಸಂಜೆ ಕಳಿಸುತ್ತೇವೆ ಅಂದರೆ ಕೂಡಲೇ ತಲೆಯಾಡಿಸಬೇಡಿ. ಎತ್ತರದ ಸೀಟು, ವಾಕರ್, ಗಾಯ ನೋಡಲು ಬರುವ ನರ್ಸ್, ಯಾವುದೂ ಎರಡು ದಿನ ಸಿಗುವುದಿಲ್ಲ, ಫೋನ್ ಎತ್ತುವವರೂ ಇರುವುದಿಲ್ಲ. ಮನೆ ಇನ್ನೂ ಸಿದ್ಧ ಆಗಿಲ್ಲ, ರಜೆ ಮುಗಿದ ಮೇಲೆ ಕಳಿಸಿ ಅಂತ ಬಾಯಿ ಬಿಟ್ಟು ಹೇಳಿ, ಹಾಗಂತ ಫೈಲಿನಲ್ಲಿ ಬರೆಸಿ. ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಅಲ್ಲೇ ಬರೆಸಿಕೊಳ್ಳಿ.