ಮಯೂರ ನಿಜಕ್ಕೂ ರಾಜಕುಮಾರನಾ?

ಪ್ರಶ್ನೆ: ಸರ್, ಮೊನ್ನೆ ಭಾನುವಾರ ಮಗಳ ಜೊತೆ ಕೂತು ಅಣ್ಣಾವ್ರ 'ಮಯೂರ' ನೋಡ್ದೆ. ಅವಳು ಎಲ್ಲೋ ಓದ್ಕೊಂಡಿದಾಳೆ, ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋದ ಬ್ರಾಹ್ಮಣ ಹುಡುಗ ಅಂತೆ. ಸಿನಿಮಾದಲ್ಲಿ ನೋಡಿದ್ರೆ ಹುಟ್ಟಿನಿಂದಲೇ ಕದಂಬರ ರಾಜಕುಮಾರ, ಅದು ಅವನಿಗೇ ಗೊತ್ತಿರಲ್ಲ, ಆಮೇಲೆ ಗೊತ್ತಾಗಿ ಪಲ್ಲವರಿಂದ ರಾಜ್ಯ ವಾಪಸ್ ತಗೋತಾನೆ. ಯಾವ್ದು ಸರಿ ಅಂತ ಮನೇಲಿ ಜಗಳ. ನಾನು ಅಣ್ಣಾವ್ರ ಕಡೆ. (ಹಾವೇರಿ)

ಉತ್ತರ: ನಾನೂ ಅಣ್ಣಾವ್ರ ಕಡೆನೇ, ಆದ್ರೆ ಈ ಸಲ ಮಗಳು ಗೆದ್ಲು, ಒಂದು ಐಸ್‌ಕ್ರೀಮ್ ಕೊಡ್ಸಿಬಿಡಿ.

ಮಯೂರನ ಕಥೆಗೆ ನಮ್ಮ ಹತ್ರ ಇರೋ ಗಟ್ಟಿ ಸಾಕ್ಷಿ ಅಂದ್ರೆ ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬ. ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿದೆ. ಅವನ ವಂಶದ ಶಾಂತಿವರ್ಮನ ಕಾಲದಲ್ಲಿ, ಅಂದ್ರೆ ಸುಮಾರು 450ರ ಹೊತ್ತಿಗೆ, ಕುಬ್ಜ ಅನ್ನೋ ಕವಿ ಬರೆದ ಸಂಸ್ಕೃತ ಪದ್ಯಗಳು ಅದ್ರ ಮೇಲಿವೆ. ಅದ್ರ ಪ್ರಕಾರ ಮಯೂರಶರ್ಮ ಮಾನವ್ಯ ಗೋತ್ರದ ಬ್ರಾಹ್ಮಣ ಮನೆತನದವನು, ಮನೆ ಹತ್ರ ಒಂದು ಕದಂಬ ಮರ ಇತ್ತು, ಅದನ್ನ ಜತನವಾಗಿ ಬೆಳೆಸ್ತಿದ್ರು, ಅದಕ್ಕೇ ಆ ಹೆಸರು. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದ್ರೆ ಆಗಿನ ದೊಡ್ಡ ವಿದ್ಯಾಕೇಂದ್ರಕ್ಕೆ, ಓದೋಕೆ ಹೋಗ್ತಾನೆ, ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಏನೋ ಜಗಳ ಆಗುತ್ತೆ, ಈ ಕಲಿಗಾಲದಲ್ಲಿ ಬ್ರಾಹ್ಮಣ ಅಂದ್ರೆ ಕ್ಷತ್ರಿಯನ ಮುಂದೆ ಇಷ್ಟೇನಾ ಅಂತ ಉರಿದುಹೋಗ್ತಾನೆ, ದರ್ಭೆ ಸಮಿತ್ತು ಹಿಡಿದು ಪಳಗಿದ ಕೈಯಲ್ಲಿ ಹೊಳೆಯೋ ಕತ್ತಿ ಎತ್ತುತ್ತಾನೆ. ಈ ಒಂದು ಪದ್ಯ ಸಾಕು ಸ್ವಾಮಿ, ಇದಕ್ಕಿಂತ ಒಳ್ಳೆ ಇಂಟರ್ವಲ್ ಸೀನು ಬೇಕಾ?

ಆಮೇಲೆ ಗಡಿ ಕಾಯೋರನ್ನ ಸೋಲಿಸಿ ಶ್ರೀಪರ್ವತದ ಕಡೆ ಕಾಡು ಸೇರ್ಕೋತಾನೆ, ಬಾಣರು ಅನ್ನೋ ಅರಸು ಮನೆತನದವರಿಂದ ಕಪ್ಪ ವಸೂಲಿ ಮಾಡ್ತಾನೆ, ದಂಡೆತ್ತಿ ಬಂದ ಪಲ್ಲವರನ್ನ ರಾತ್ರಿ ಹೊತ್ತು ಮೇಲೆಬಿದ್ದು ಕಾಡ್ತಾನೆ. ಇವನನ್ನ ಮುಗಿಸೋಕಾಗಲ್ಲ ಅಂತ ಗೊತ್ತಾದ್ಮೇಲೆ ಅವರೇ ರಾಜಿಗೆ ಬರ್ತಾರೆ. ಮತ್ತೆ ಇದನ್ನ ಸಿನಿಮಾದವರು ಬಿಡ್ರಿ, ಯಾರೂ ಹೇಳಲ್ಲ: ರಾಜಿ ಆದ್ಮೇಲೆ ಮಯೂರಶರ್ಮ ಮೊದಲು ಪಲ್ಲವರ ಸೇವೆಗೇ ಸೇರ್ತಾನೆ, ಯುದ್ಧಗಳಲ್ಲಿ ಹೆಸರು ಮಾಡಿ ಅವರ ಕೈಯಿಂದಲೇ ಪಶ್ಚಿಮ ಸಮುದ್ರದ ಕಡೆಯ ನಾಡಿಗೆ ಪಟ್ಟ ಪಡೀತಾನೆ. ಕಳ್ಕೊಂಡ ಸಿಂಹಾಸನದ ಮಾತು ಕಂಬದಲ್ಲಿ ಎಲ್ಲೂ ಇಲ್ಲ, ಇವನಿಗಿಂತ ಮುಂಚೆ ಕದಂಬ ರಾಜ ಅಂತ ಒಬ್ಬನೂ ಇಲ್ಲ. ಕಂಬ ಅವನನ್ನ ಬ್ರಾಹ್ಮಣರ ಹಾಗೆ ಶರ್ಮ ಅಂತಲೇ ಕರೆಯೋದು, ಕ್ಷತ್ರಿಯರ 'ವರ್ಮ' ಶುರು ಆಗೋದು ಮಗ ಕಂಗವರ್ಮನಿಂದ.

ನಂಗೆ ಬೇಜಾರಾಗೋದು ಇಲ್ಲಿ. ಕಾಸ್ಟ್ಯೂಮು ತಪ್ಪು, ಕಿರೀಟ ತಪ್ಪು ಅಂತ ನಾನು ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಅವಮಾನ ತಿಂದ ಒಬ್ಬ ವಿದ್ಯಾರ್ಥಿ ಏನೂ ಇಲ್ದೆ ಇರೋ ಕಡೆ ರಾಜ್ಯ ಕಟ್ಟಿದ ಅನ್ನೋದನ್ನ, ಅವನದೇ ಆಸ್ತಿ ವಾಪಸ್ ಪಡೆದ ಅಂತ ಮಾಡಿಬಿಟ್ರೆ ಹೀರೋನ ದೊಡ್ಡವನು ಮಾಡಿದ ಹಾಗಾಯ್ತಾ, ಚಿಕ್ಕವನು ಮಾಡಿದ ಹಾಗಾಯ್ತಾ? ಸಿನಿಮಾದವರನ್ನೇ ಬೈದು ಪ್ರಯೋಜನ ಇಲ್ಲ ಬಿಡಿ, ಹಾನಗಲ್ಲು ಗೋವಾ ಕಡೆಯ ಆಮೇಲಿನ ಕದಂಬರೇ ಶಾಸನಗಳಲ್ಲಿ ನಮ್ಮ ಮೂಲಪುರುಷ ಶಿವನ ಬೆವರಿನ ಹನಿಯಿಂದ ಕದಂಬ ಮರದ ಕೆಳಗೆ ಹುಟ್ಟಿದ, ಮೂರು ಕಣ್ಣಿತ್ತು ಅಂತೆಲ್ಲ ಬರೆಸಿಕೊಂಡಿದಾರೆ. ಸ್ವಂತ ಮೊಮ್ಮಕ್ಕಳಿಗೇ ಸಾಮಾನ್ಯ ಹುಡುಗ ಬೇಡವಾಗಿದ್ದ.

ಪ್ರಶ್ನೆ: ಇತಿಹಾಸ ಕರೆಕ್ಟಾಗಿ ತೋರ್ಸೋಕಾಗಲ್ಲ ಅಂದ್ರೆ ಹಳೇ ಐತಿಹಾಸಿಕ ಸಿನಿಮಾ ಯಾಕ್ ನೋಡ್ಬೇಕು? ಡಾಕ್ಯುಮೆಂಟರಿ ಸಾಕಲ್ವಾ? (ಮೈಸೂರು)

ಉತ್ತರ: ಪೂರ್ತಿ ಕರೆಕ್ಟಾಗಿ ತೆಗೆದ 'ಮಯೂರ' ಹೇಗಿರ್ತಿತ್ತು ಯೋಚ್ನೆ ಮಾಡಿ. ಚಿತ್ರದುರ್ಗದ ಚಂದ್ರವಳ್ಳೀಲಿರೋ ಮಯೂರಶರ್ಮನದೇ ಶಾಸನ ಮೂರು ಸಾಲಿದೆ, ಕೆರೆ ಕಟ್ಟಿಸಿದ ವಿಷಯ, ಭಾಷೆ ಪ್ರಾಕೃತ. ಅಣ್ಣಾವ್ರು ಪ್ರಾಕೃತದಲ್ಲಿ ಡೈಲಾಗ್ ಹೊಡೀತಿದ್ರೆ ನಮ್ಮೂರ ಟೆಂಟಲ್ಲಿ ಕಡ್ಲೆಕಾಯಿ ಮಾರೋನೂ ಎದ್ದು ಹೋಗ್ತಿದ್ದ. ಆ ಸಿನಿಮಾ ಬಂದಿದ್ದು 1975ರಲ್ಲಿ ಅನ್ನೋದೂ ನೆನಪಿರ್ಲಿ, ಮೈಸೂರು ರಾಜ್ಯ ಕರ್ನಾಟಕ ಅಂತ ಆಗಿದ್ದು 1 ನವೆಂಬರ್ 1973, ಇನ್ನೂ ಎರಡು ವರ್ಷ. ಹೊಸ ಹೆಸರು ಇಟ್ಕೊಂಡ ರಾಜ್ಯಕ್ಕೆ ಒಬ್ಬ ಮೂಲಪುರುಷ ಬೇಕಿತ್ತು, 'ನಾನಿರುವುದೆ ನಿಮಗಾಗಿ' ಅಂತ ಹಾಡ್ತಾ ಅವನು ಪರದೆ ಮೇಲೆ ಬಂದ. ಹಾಗಾಗಿ ಆ ಸಿನಿಮಾದಿಂದ ನಾಲ್ಕನೇ ಶತಮಾನ ಕಲಿಯೋಕೆ ಹೋಗ್ಬೇಡಿ, 1975ರ ಕನ್ನಡಿಗರಿಗೆ ಏನು ಬೇಕಿತ್ತು ಅನ್ನೋದು ಮಾತ್ರ ಅಲ್ಲಿ ಕಣ್ಣಿಗೆ ಕಟ್ಟೋ ಹಾಗಿದೆ. ಡಾಕ್ಯುಮೆಂಟರಿನೂ ನೋಡಿ, ನಿದ್ದೆ ಬರದಿದ್ರೆ.

ಪ್ರಶ್ನೆ: ನಾವು ನ್ಯೂಜೆರ್ಸಿಲಿ ಇದೀವಿ. ಜುಲೈ ನಾಲ್ಕು ಬಂದ್ರೆ ಪಕ್ಕದ ಮನೆಯವರು '1776' ಅನ್ನೋ ಹಳೇ ಮ್ಯೂಸಿಕಲ್ ಹಾಕ್ಕೊಂಡು ಕೂರ್ತಾರೆ. ಅಮೆರಿಕ ಹುಟ್ಟಿದ ಕಥೆ, ಆದ್ರೆ ಎಲ್ರೂ ಹಾಡ್ತಾ ಕುಣೀತಾ ಇರ್ತಾರೆ! ಇದ್ರಲ್ಲಿ ನಿಜ ಎಷ್ಟು? (ಎಡಿಸನ್)

ಉತ್ತರ: ಹಾಡು ಕುಣಿತಕ್ಕೆ ನಾವು ಬೇರೆಯವರನ್ನ ಆಡ್ಕೊಳ್ಳೋ ಹಾಗಿಲ್ಲ ತಾಯಿ. 1972ರ ಸಿನಿಮಾ ಅದು, 1969ರ ಬ್ರಾಡ್‌ವೇ ನಾಟಕದಿಂದ ಬಂದಿದ್ದು, ನೋಡೋಕೆ ಭಾಳ ಮಜಾ ಇದೆ. ತಪ್ಪು ಬೇಕಾದಷ್ಟಿದೆ. ಕೊನೇಲಿ ಜುಲೈ 4ಕ್ಕೆ ಒಬ್ಬೊಬ್ರೇ ಬಂದು ಸಹಿ ಹಾಕ್ತಾರಲ್ಲ, ಅಸಲಿಗೆ ಕಾಂಗ್ರೆಸ್ಸಲ್ಲಿ, ಅಂದ್ರೆ ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೇಲಿ, ಸ್ವಾತಂತ್ರ್ಯಕ್ಕೆ ಓಟು ಬಿದ್ದಿದ್ದು ಜುಲೈ 2ಕ್ಕೆ, 4ಕ್ಕೆ ಘೋಷಣೆಯ ಮಾತು ಒಪ್ಪಿದ್ರು, ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಆ ಸಭೇಲಿದ್ದ ಜಾನ್ ಆಡಮ್ಸ್ ಅಂತೂ ಹೆಂಡತಿ ಅಬಿಗೈಲ್‌ಗೆ ಜುಲೈ 3ರಂದು ಕಾಗದ ಬರೆದು, ಮುಂದಿನ ಪೀಳಿಗೆಗಳು ಜುಲೈ ಎರಡನ್ನ ಮೆರವಣಿಗೆ, ಗಂಟೆ, ದೀಪ ಅಂತ ಹಬ್ಬ ಮಾಡ್ತವೆ ಅಂತ ಹೇಳಿದ್ದ. ಪಾಪ, ಎರಡೇ ದಿನದಲ್ಲಿ ಮಿಸ್ ಆಯ್ತು. ಘೋಷಣೆ ಬರೆಯೋ ಕೆಲಸ ಬಿದ್ದಿದ್ದ ಜೆಫರ್ಸನ್‌ಗೆ ಬರೆಯೋಕೆ ಮೂಡೇ ಬರಲ್ಲ ಅಂತ ಹೆಂಡತಿ ಮಾರ್ಥಾನ ಫಿಲಡೆಲ್ಫಿಯಾಗೆ ಕರೆಸ್ತಾರಲ್ಲ, ಅದೂ ಕಟ್ಟುಕಥೆ, ಆಕೆ ಆ ಬೇಸಿಗೇಲಿ ಅಲ್ಲಿಗೆ ಬಂದಿರಲೇ ಇಲ್ಲ.

ಇವೆಲ್ಲ ನಾನು ಕ್ಷಮಿಸ್ತೀನಿ. ಎರಡು ತಿಂಗಳ ಎಳೆದಾಟನ ಒಂದು ಕ್ಲೈಮ್ಯಾಕ್ಸ್‌ಗೆ ತರ್ಬೇಕಲ್ಲ. ನ್ಯೂಯಾರ್ಕ್‌ನವನು ಪ್ರತಿ ಸಲ ಎದ್ದು ನಾವು ಓಟು ಹಾಕಲ್ಲ ಅಂತ ಮರ್ಯಾದೆಯಾಗಿ ಕೂರ್ತಾನಲ್ಲ, ತಮಾಷೆಗೆ ಸೇರಿಸಿರೋ ಹಾಗಿದ್ರೂ ಅದ್ರ ಬುಡ ನಿಜ, ಜುಲೈ 2ರಂದು ನ್ಯೂಯಾರ್ಕ್ ನಿಜಕ್ಕೂ ಓಟು ಹಾಕಿರಲಿಲ್ಲ.

ಕ್ಷಮಿಸೋಕಾಗದ್ದು ಒಂದಿದೆ. ಗುಲಾಮಗಿರಿ ಚರ್ಚೆ ಬಂದಾಗ ಸೌತ್ ಕ್ಯಾರೊಲಿನಾದ ರಟ್ಲೆಡ್ಜ್, ನೀನೂ ಗುಲಾಮರನ್ನ ಇಟ್ಕೊಂಡಿಲ್ವಾ ಅಂತ ಜೆಫರ್ಸನ್‌ನ ಚುಚ್ತಾನೆ, ಅದಕ್ಕೆ ಜೆಫರ್ಸನ್ ಅವರನ್ನ ಬಿಡುಗಡೆ ಮಾಡೋಕೆ ನಾನು ಆಗ್ಲೇ ತೀರ್ಮಾನ ಮಾಡಿದೀನಿ ಅಂತಾನೆ. ಪ್ರೇಕ್ಷಕ ಉಸಿರು ಬಿಟ್ಟ. ಅಸಲಿಗೆ ಆ ಮನುಷ್ಯ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನ ಗುಲಾಮರಾಗಿ ಇಟ್ಕೊಂಡಿದ್ದ, ಬದುಕಿದ್ದಾಗ ಇಬ್ಬರಿಗೆ, ಉಯಿಲಿನಲ್ಲಿ ಐದು ಜನಕ್ಕೆ ಬಿಡುಗಡೆ ಕೊಟ್ಟ, ಅಷ್ಟೇ. ಗುಲಾಮರ ವ್ಯಾಪಾರನ ಖಂಡಿಸೋ ಪ್ಯಾರಾ ಬರೆದಿದ್ದೂ ಅವನೇ, ಕಾಂಗ್ರೆಸ್ಸು ಅದನ್ನ ಕಿತ್ತುಹಾಕಿದ್ದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ರೆ ಎಂಥ ಪಾತ್ರ ಆಗ್ತಿತ್ತು! ಒಂದು ಡೈಲಾಗಲ್ಲಿ ತೊಳೆದು ಇಸ್ತ್ರಿ ಮಾಡಿ ನೇತುಹಾಕಿಬಿಟ್ರು.

ಇನ್ನೊಂದು ಮಜಾ ಕೇಳಿ. ಅದ್ರಲ್ಲಿ ದುಡ್ಡಿರೋ ಕನ್ಸರ್ವೇಟಿವ್‌ಗಳನ್ನ ಗೇಲಿ ಮಾಡೋ ಒಂದು ಹಾಡಿದೆ, ಆಗಿನ ಪ್ರೆಸಿಡೆಂಟ್ ನಿಕ್ಸನ್‌ಗೆ ಹಿಡಿಸಲಿಲ್ಲ, ಪ್ರೊಡ್ಯೂಸರ್ ಜ್ಯಾಕ್ ವಾರ್ನರ್ ಗೆಳೆಯನ ಮಾತಿಗೆ ರಿಲೀಸ್‌ಗೆ ಮುಂಚೆ ಅದನ್ನ ಕತ್ತರಿಸಿಬಿಟ್ಟ. ಎಷ್ಟೋ ವರ್ಷ ಆದ್ಮೇಲೆ ವಾಪಸ್ ಸೇರಿಸಿದ್ರು. ನಿಮ್ಮ ಪಕ್ಕದ ಮನೆಯವರ ಹತ್ರ ಯಾವ ಪ್ರಿಂಟ್ ಇದೆ ವಿಚಾರಿಸಿ.

ಪ್ರಶ್ನೆ: ಕಿತ್ತೂರು ಚೆನ್ನಮ್ಮನ ಕಥೇಲೂ ಹೀಗೆ ಏನಾದ್ರೂ ಬದಲಾಗಿದ್ಯಾ? ಮಗನಿಗೆ ಸ್ಕೂಲ್ ಡೇಲಿ ಥ್ಯಾಕರೆ ಪಾರ್ಟು ಕೊಟ್ಟಿದಾರೆ. (ಧಾರವಾಡ)

ಉತ್ತರ: ಥ್ಯಾಕರೆ ನಿಮ್ಮೂರಿನ ಕಲೆಕ್ಟರೇ ಆಗಿದ್ದ, ಪಾರ್ಟು ಮನೆಬಾಗಿಲಿಗೇ ಬಂದಿದೆ. ಸ್ಕೂಲ್ ಡೇಗಳಲ್ಲಿ ನಾವೆಲ್ಲ ಕೇಳೋದು ಕಪ್ಪದ ಡೈಲಾಗು, ಯಾಕೆ ಕೊಡ್ಬೇಕು ಅಂತ. ಮೂಲ ಜಗಳ ದತ್ತು ಮಗನದು. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರ್ಕೊಂಡ, ದತ್ತು ತಗೊಂಡಿದ್ದನ್ನ ಕಂಪನಿ ಒಪ್ಪಲಿಲ್ಲ, ಖಜಾನೆಗೆ ಸೀಲು ಹಾಕೋಕೆ ಬಂತು, ಅಕ್ಟೋಬರ್ 23ರಂದು ಥ್ಯಾಕರೆ ಸತ್ತ. ಕಾಗದಪತ್ರದ ಜಗಳ ಸ್ಟೇಜ್ ಮೇಲೆ ನಿಲ್ಲಲ್ಲ, ಕಪ್ಪ ನಿಲ್ಲುತ್ತೆ. 1961ರಲ್ಲಿ 'ಕಿತ್ತೂರು ಚೆನ್ನಮ್ಮ' ತೆಗೆದ ಬಿ.ಆರ್. ಪಂತುಲು ಅವರೇ ಎರಡು ವರ್ಷ ಮುಂಚೆ ತಮಿಳಿನಲ್ಲಿ ಕಟ್ಟಬೊಮ್ಮನ್ ಸಿನಿಮಾ ಮಾಡಿದ್ರು, ಅಲ್ಲೂ ಬ್ರಿಟಿಷರಿಗೆ ಕಪ್ಪ ಕೊಡಲ್ಲ ಅನ್ನೋ ಡೈಲಾಗೇ ಮನೆಮಾತು. ಮಗನಿಗೆ ಬೀಳೋ ಸೀನು ಚೆನ್ನಾಗಿ ಪ್ರಾಕ್ಟೀಸ್ ಮಾಡಿಸಿ, ಚಪ್ಪಾಳೆ ಬರೋದು ಅಲ್ಲೇ.

ಪ್ರಶ್ನೆ: ತಾಳಗುಂದದ ಕಂಬ ನೋಡೋಕೆ ಹೋಗ್ಬಹುದಾ? (ಬೆಂಗಳೂರು)

ಉತ್ತರ: ಧಾರಾಳವಾಗಿ. ಶಿರಾಳಕೊಪ್ಪಕ್ಕೆ ಹೋಗ್ಬಿಡಿ, ಅಲ್ಲಿಂದ ಹತ್ರ, ಬಳ್ಳಿಗಾವಿನೂ ಅದೇ ದಾರೀಲಿ ಮುಗಿಸ್ಬಹುದು. ಆನೆಗಾತ್ರದ ಸ್ತಂಭ ನೋಡ್ತೀನಿ ಅಂತ ಹೋಗ್ಬೇಡಿ, ಅಕ್ಷರ ಇರೋ ಭಾಗ ಒಬ್ಬ ಮನುಷ್ಯನ ಎತ್ತರದಷ್ಟೇ, ಎಂಟು ಮುಖದ ಕಲ್ಲು, ಸಾಲುಗಳು ಅಡ್ಡಕ್ಕಿಲ್ಲ, ಬುಡದಿಂದ ಮೇಲಕ್ಕೆ ಹತ್ತುತ್ತವೆ. ನಾನು ಹೋದಾಗ ಕತ್ತು ಓರೆ ಮಾಡ್ಕೊಂಡು ಕಂಬ ಸುತ್ತುತ್ತಿದ್ದೆ, ಅಲ್ಲೇ ಕೂತಿದ್ದ ಅಜ್ಜ ಒಬ್ರು ಏನ್ ಕಳ್ಕೊಂಡ್ರಿ ಅಂದ್ರು. ಮಯೂರನ್ನ ಹುಡುಕ್ತಿದೀನಿ ಅಂದೆ. ಓ, ರಾಜ್‌ಕುಮಾರ್ ಪಿಚ್ಚರ್ರಾ, ಅಂತ ನಕ್ಕು ಪೂರ್ತಿ ಕಥೆ ಹೇಳೋಕೆ ಶುರು ಮಾಡಿದ್ರು. ನಾನೂ ತಿದ್ದೋಕೆ ಹೋಗ್ಲಿಲ್ಲ, ಮಧ್ಯದಲ್ಲಿ ಹಾಡೂ ಹೇಳಿದ್ರು.