ಮನೆ ಭೋಗ್ಯ, ಬಾಡಿಗೆ, ಕಂದಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ವರ್ಷಗಳ ಹಿಂದೆ 9 ಲಕ್ಷ ರೂಪಾಯಿ ಕೊಟ್ಟು ಮನೆಯೊಂದನ್ನು ಮೂರು ವರ್ಷದ ಅವಧಿಗೆ ಭೋಗ್ಯಕ್ಕೆ ಪಡೆದಿದ್ದೇವೆ. ಕರಾರು ಪತ್ರವನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದ್ದೇವೆ. ಮಾಲೀಕರು ಸಾಲ ತೀರಿಸಿಲ್ಲವೆಂದು ಬ್ಯಾಂಕಿನವರು ಈಗ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿದ್ದಾರೆ. ನಮ್ಮನ್ನು ಹೊರಹಾಕಬಹುದೇ? ನಮ್ಮ ಹಣದ ಗತಿಯೇನು?
– ಓದುಗರು, ಬೆಂಗಳೂರು

ಉತ್ತರ: ಮಾಲೀಕರು ಮನೆಯನ್ನು ಬ್ಯಾಂಕಿಗೆ ಅಡವಿಟ್ಟದ್ದು ನಿಮ್ಮ ಕರಾರಿಗೆ ಮೊದಲೋ ಅನಂತರವೋ ಎಂಬುದನ್ನು ತಾವು ಕೂಡಲೇ ತಿಳಿದುಕೊಳ್ಳಬೇಕು. ಮೊದಲೇ ಅಡವಿಟ್ಟಿದ್ದರೆ ನಿಮ್ಮ ಸ್ಥಿತಿ ದುರ್ಬಲವಾಗಿದೆ ಎಂದು ನೇರವಾಗಿಯೇ ಹೇಳಬೇಕಾಗುತ್ತದೆ. ಅಡವಿಟ್ಟ ಸ್ವತ್ತನ್ನು ಮಾಲೀಕರು ಬಾಡಿಗೆಗೆ ಕೊಡಲು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 65ಎ ಕಲಮಿನಲ್ಲಿ ಅವಕಾಶವಿದ್ದರೂ, ನ್ಯಾಯವಾಗಿ ಸಿಗಬಹುದಾದ ಬಾಡಿಗೆ ನಿಗದಿಯಾಗಿರಬೇಕು, ಇಡುಗಂಟು ಪಡೆದಿರಬಾರದು, ಬಾಡಿಗೆಯನ್ನು ಮುಂಗಡವಾಗಿ ವಸೂಲು ಮಾಡಿರಬಾರದು ಎಂಬ ಷರತ್ತುಗಳು ಅಲ್ಲಿವೆ. ಒಮ್ಮೆಗೇ ದೊಡ್ಡ ಮೊತ್ತ ಪಡೆದು ಬಾಡಿಗೆಯನ್ನೇ ಬಿಟ್ಟುಕೊಡುವ ನಮ್ಮ ಭೋಗ್ಯದ ಪದ್ಧತಿ ಈ ಷರತ್ತುಗಳಿಗೆ ಹೊಂದುವುದು ಕಷ್ಟ.

ಇನ್ನು ಕರಾರು ಪತ್ರದ ವಿಚಾರ. ಹಣದ ಭದ್ರತೆಗಾಗಿ ಮನೆಯ ಸ್ವಾಧೀನವನ್ನು ಕೊಟ್ಟರೆ ಅದು ಕಾನೂನಿನ ಕಣ್ಣಿನಲ್ಲಿ ಸ್ವಾಧೀನ ಸಹಿತ ಅಡಮಾನವಾಗುತ್ತದೆ. 59ನೇ ಕಲಮಿನಂತೆ 100 ರೂಪಾಯಿಗೆ ಕಡಿಮೆಯಿಲ್ಲದ ಅಂಥ ಅಡಮಾನವು ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಅದನ್ನು ಬಾಡಿಗೆ ಕರಾರೆಂದೇ ಭಾವಿಸಿದರೂ ಒಂದು ವರ್ಷ ಮೀರಿದ ಅವಧಿಗೆ 107ನೇ ಕಲಮು ನೋಂದಣಿಯನ್ನೇ ಕೇಳುತ್ತದೆ. ನೋಟರಿಯ ಮೊಹರು ನೋಂದಣಿಗೆ ಬದಲಿಯಲ್ಲ. ಈ ಊರಿನಲ್ಲಿ ಎಷ್ಟೋ ಕುಟುಂಬಗಳು ಜೀವಮಾನದ ಉಳಿತಾಯವನ್ನು ಇಂಥ ಕಾಗದದ ಮೇಲೆಯೇ ಇಟ್ಟಿವೆ ಎಂಬುದು ನನ್ನನ್ನು ಬಹಳ ಚಿಂತೆಗೆ ಹಚ್ಚುವ ಸಂಗತಿ.

ಆದರೂ ತಾವು ಕೈಕಟ್ಟಿ ಕೂರಬೇಕಾಗಿಲ್ಲ. ಸಾಲ ತೀರದಿದ್ದಾಗ ಅಡವಿನ ಸ್ವತ್ತನ್ನು ಸ್ವಾಧೀನಕ್ಕೆ ಪಡೆಯುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಡುವ ಸರ್ಫೇಸಿ ಕಾಯ್ದೆ, 2002ರ 17ನೇ ಕಲಮಿನಡಿ, ಬ್ಯಾಂಕು ಸ್ವಾಧೀನದ ಕ್ರಮ ಕೈಗೊಂಡ ದಿನದಿಂದ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಬಾಡಿಗೆದಾರರ ಹಕ್ಕನ್ನು ಪರಿಶೀಲಿಸುವ ಅಧಿಕಾರವನ್ನು 2016ರ ತಿದ್ದುಪಡಿ ಆ ನ್ಯಾಯಾಧಿಕರಣಕ್ಕೆ ಕೊಟ್ಟಿದೆ. ಹಣವನ್ನು ಮರಳಿಸುವ ಹೊಣೆ ಮಾಲೀಕರದು. ಅದಕ್ಕಾಗಿ ಸಿವಿಲ್ ದಾವೆ ಹೂಡಬಹುದು, ಸಾಲವನ್ನು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟು ಹಣ ಪಡೆದಿದ್ದರೆ ವಂಚನೆಯ ದೂರನ್ನೂ ಕೊಡಬಹುದು. ಹಣವನ್ನು ಬ್ಯಾಂಕ್ ಖಾತೆಯ ಮೂಲಕ ಕೊಟ್ಟಿದ್ದರೆ ಆ ದಾಖಲೆಯನ್ನು ಇಂದೇ ತೆಗೆಸಿಟ್ಟುಕೊಳ್ಳಿ.

ಭೋಗ್ಯಕ್ಕೆ ಮನೆ ಹುಡುಕುತ್ತಿರುವ ಉಳಿದ ಓದುಗರಿಗೂ ಒಂದು ಮಾತು: ಋಣಭಾರ ಪ್ರಮಾಣಪತ್ರವೊಂದನ್ನೇ ನಂಬಬೇಡಿ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಪಡೆದ ಸಾಲ ಅದರಲ್ಲಿ ಕಾಣದೇ ಇರಬಹುದು. ಮೂಲ ಕ್ರಯಪತ್ರವನ್ನು ತೋರಿಸುವಂತೆ ಕೇಳಿ. ಮಾಲೀಕರು ಜೆರಾಕ್ಸ್ ಪ್ರತಿಯನ್ನಷ್ಟೇ ಮುಂದಿಟ್ಟರೆ ಮೂಲ ಪತ್ರ ಎಲ್ಲಿದೆ ಎಂಬುದು ಗೊತ್ತಾಗುವವರೆಗೆ ಮುಂಗಡ ಕೊಡಬೇಡಿ.

ಪ್ರಶ್ನೆ: ನಮ್ಮ ತಂದೆಯವರು ಇಪ್ಪತ್ತು ವರ್ಷಗಳ ಹಿಂದೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಅದೇ ಬಾಡಿಗೆದಾರರಿದ್ದಾರೆ. ತಂದೆಯವರು ತೀರಿಕೊಂಡ ಮೇಲೆ, ಅಂದರೆ ನಾಲ್ಕು ವರ್ಷಗಳಿಂದ, ತಿಂಗಳಿಗೆ 8,000 ರೂಪಾಯಿಯಂತೆ ಕೊಡಬೇಕಾದ ಬಾಡಿಗೆಯನ್ನು ಕೊಟ್ಟಿಲ್ಲ. ಕಂದಾಯ ಕಟ್ಟಿದ ರಸೀದಿ ತೋರಿಸಿ, ಹನ್ನೆರಡು ವರ್ಷ ಮೀರಿದ್ದರಿಂದ ಮನೆ ತಮ್ಮದೇ ಎನ್ನುತ್ತಿದ್ದಾರೆ.
– ಓದುಗರು, ದಾವಣಗೆರೆ

ಉತ್ತರ: ಅವರ ವಾದಕ್ಕೆ ಆಧಾರವಿಲ್ಲ. ಹನ್ನೆರಡು ವರ್ಷದ ನಿಯಮ ಅನ್ವಯಿಸುವುದು ಮಾಲೀಕರ ಹಕ್ಕನ್ನು ಬಹಿರಂಗವಾಗಿ ಧಿಕ್ಕರಿಸಿ, ನಿರಂತರವಾಗಿ ಅನುಭವಿಸಿದ ಸ್ವಾಧೀನಕ್ಕೆ. ನಿಮ್ಮ ತಂದೆಯವರ ಒಪ್ಪಿಗೆಯಿಂದ ಒಳಗೆ ಬಂದವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಮನೆ ಕೊಟ್ಟವರ ಒಡೆತನವನ್ನು ಅವರು ಅಲ್ಲಗಳೆಯುವಂತಿಲ್ಲ ಎಂಬ ತತ್ತ್ವವನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಕೂಡ ಉಳಿಸಿಕೊಂಡಿದೆ. ಕಂದಾಯದ ರಸೀದಿಯಾಗಲಿ ಖಾತೆಯಾಗಲಿ ತೆರಿಗೆಯ ಲೆಕ್ಕಕ್ಕಾಗಿ ಇರುವಂಥವು, ಅವುಗಳಿಂದ ಒಡೆತನ ಹುಟ್ಟುವುದಿಲ್ಲ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಆದರೆ ನಿಮ್ಮ ಮೌನದಿಂದ ಬೇರೊಂದು ನಷ್ಟವಾಗುತ್ತಿದೆ. ಬಾಕಿ ಬಾಡಿಗೆಯ ವಸೂಲಿಗೆ ಕಾಲಮಿತಿ ಮೂರೇ ವರ್ಷ, ಹಾಗಾಗಿ ಮೊದಲ ವರ್ಷದ ಬಾಕಿ ಈಗಾಗಲೇ ಕೈತಪ್ಪಿದೆ. ಬಾಡಿಗೆ 3,500 ರೂಪಾಯಿ ಮೀರಿರುವುದರಿಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ನಿಮಗೆ ಅನ್ವಯಿಸುವುದಿಲ್ಲ. ತಿಂಗಳ ಬಾಡಿಗೆಯ ಕರಾರನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಮಿನಡಿ 15 ದಿನಗಳ ಲಿಖಿತ ನೋಟಿಸನ್ನು ವಕೀಲರ ಮೂಲಕ ಕೊಡಿಸಿ, ತೆರವಾಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ. ಬೀಗ ಹಾಕುವುದು, ನೀರು–ವಿದ್ಯುತ್ ನಿಲ್ಲಿಸುವುದು ಬೇಡ. ಅದರಿಂದ ತಪ್ಪು ನಿಮ್ಮ ಕಡೆಗೇ ತಿರುಗುತ್ತದೆ. ಇದರ ಜೊತೆಗೇ ಮರಣ ಪ್ರಮಾಣಪತ್ರ, ವಂಶವೃಕ್ಷಗಳನ್ನು ಒದಗಿಸಿ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ ಅರ್ಜಿ ಹಾಕಿ, ಮುಂದಿನ ಕಂದಾಯವನ್ನು ನೀವೇ ಕಟ್ಟಿ.

ಪ್ರಶ್ನೆ: ಪರವಾನಗಿ ಇಲ್ಲದೆ ಕಟ್ಟಿದ ಎರಡನೇ ಮಹಡಿಗೂ ಪಾಲಿಕೆ ವರ್ಷವರ್ಷವೂ ತೆರಿಗೆ ಪಡೆದಿದೆ. ಈಗ ಅದೇ ಪಾಲಿಕೆ ನೋಟಿಸು ಕೊಡಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೊಡಬಹುದು. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಅಧಿನಿಯಮ, 1976ರ ಪ್ರಕಾರ ಕಾನೂನುಬಾಹಿರ ಕಟ್ಟಡಕ್ಕೂ ತೆರಿಗೆ ವಿಧಿಸಬಹುದು, ಆದರೆ ಹಾಗೆ ತೆರಿಗೆ ಕಟ್ಟಿದ್ದರಿಂದ ಕಟ್ಟಡ ಸಕ್ರಮವಾಗುವುದಿಲ್ಲ. ತಮಗೆ ಬಂದಿರುವುದು 321ನೇ ಕಲಮಿನ ಕಾರಣ ಕೇಳುವ ನೋಟಿಸಾಗಿದ್ದರೆ, ಅದರಲ್ಲಿ ಹೇಳಿದ ಗಡುವಿನೊಳಗೆ ಮಂಜೂರಾದ ನಕ್ಷೆಯೊಂದಿಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರವೇ ಇಲ್ಲದಿದ್ದರೆ ಕಟ್ಟಡವನ್ನು ಕೆಡವಲು ಇಲ್ಲವೆ ಬದಲಿಸಲು ಹೊರಡಿಸಿದ ತಾತ್ಕಾಲಿಕ ಆದೇಶವನ್ನು ಆಯುಕ್ತರು ಕಾಯಂ ಮಾಡಬಹುದು.