ಹಿಡಿದರೆ ಸುಲಿಯುವ ಚರ್ಮ: ಅಮ್ಮನ ಕೈ ಹೇಗೆ ಹಿಡಿಯಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 79 ವರ್ಷ. ಕೈಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಮೊನ್ನೆ ಕುರ್ಚಿಯಿಂದ ಏಳುವಾಗ ಮುಗ್ಗರಿಸಿದರು. ಬೀಳದಿರಲಿ ಅಂತ ಮುಂಗೈ ಹಿಡಿದೆ. ಅಷ್ಟಕ್ಕೇ ಎರಡು ಇಂಚು ಚರ್ಮ ಸುಲಿದು ಬಂತು. ಗಾಬರಿಯಲ್ಲಿ ಪ್ಲಾಸ್ಟರ್ ಅಂಟಿಸಿದೆ. ಮಾರನೇ ದಿನ ಅದನ್ನು ಕೀಳುವಾಗ ಪಕ್ಕದ ಚರ್ಮವೂ ಕಿತ್ತು ಬಂತು. ಈಗ ಅವರನ್ನು ಮುಟ್ಟೋಕೇ ಭಯ. ಏನು ಮಾಡಲಿ?

ಉತ್ತರ: ನೀವು ಹಿಡಿಯದಿದ್ದರೆ ಅವರು ಬೀಳುತ್ತಿದ್ದರು, ಅಲ್ವಾ? ಸೊಂಟದ ಮೂಳೆ ಮುರಿಯುವುದಕ್ಕಿಂತ ಎರಡು ಇಂಚು ಚರ್ಮ ಸುಲಿದದ್ದು ಎಷ್ಟೋ ವಾಸಿ. ತಪ್ಪಾಗಿದ್ದು ಪ್ಲಾಸ್ಟರ್ ವಿಷಯದಲ್ಲಿ ಮಾತ್ರ. ಅದು ಎಲ್ಲರೂ ಮಾಡುವ ತಪ್ಪೇ.

ಚರ್ಮ ಯಾಕೆ ಹೀಗಾಯಿತು ಅಂತ ತಿಳಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ಚರ್ಮದ ಮೇಲ್ಪದರ ಮೈಯ ಹೆಚ್ಚಿನ ಕಡೆ ಸುಮಾರು 0.1 ಮಿಲಿಮೀಟರ್ ದಪ್ಪ, ಅಷ್ಟೇ. ಚಿಕ್ಕ ವಯಸ್ಸಿನಲ್ಲಿ ಅದು ಒಳಪದರಕ್ಕೆ ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ, ಎರಡೂ ಕೈಗಳ ಬೆರಳು ಹೆಣೆದು ಹಿಡಿದ ಹಾಗೆ. ವಯಸ್ಸಾಗುತ್ತಾ ಆ ಹೆಣಿಗೆ ಚಪ್ಪಟೆಯಾಗುತ್ತದೆ. ಆಮೇಲೆ ಅಂಗೈ ಮೇಲೆ ಅಂಗೈ ಸುಮ್ನೆ ಇಟ್ಟ ಹಾಗೆ. ಪಕ್ಕಕ್ಕೆ ಎಳೆದರೆ ಜಾರುತ್ತದೆ. ಅಂದರೆ ಈ ಚರ್ಮಕ್ಕೆ ದೊಡ್ಡ ಶತ್ರು ಎಳೆತ. ಕೈಯ ಎಳೆತ, ಅಂಟಿನ ಎಳೆತ, ಒರಟು ಟವೆಲ್‌ನ ಎಳೆತ. ಮುಟ್ಟಿ, ಆಸರೆ ಕೊಡಿ. ಎಳೆಯಬೇಡಿ, ಅಷ್ಟೇ.

ಹಾಗಾಗಿ ಮೊದಲು ಹಿಡಿಯುವ ರೀತಿ ಬದಲಿಸಿ. ಮುಂಗೈಯನ್ನು ಬೆರಳುಗಳಿಂದ ಬಿಗಿಯಾಗಿ ಸುತ್ತಿ ಹಿಡಿಯುವುದು ಬೇಡ. ಅಂಗೈ ಬಿಚ್ಚಿ ಅವರ ಮೊಣಕೈ ಕೆಳಗೆ ಕೊಡಿ, ಇನ್ನೊಂದು ಕೈ ಬೆನ್ನಿಗಿರಲಿ. ಕುರ್ಚಿಗೆ ಕೈ ಇದ್ದರೆ ಅದನ್ನು ಒತ್ತಿ ಅವರೇ ಏಳಲಿ, ನೀವು ಜೊತೆಗಿದ್ದರೆ ಸಾಕು. ಹಾಸಿಗೆಯಲ್ಲಿ ಮೇಲಕ್ಕೆ ಸರಿಸಬೇಕಾದರೆ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಅಡಿಯಲ್ಲಿ ಒಂದು ಮಡಚಿದ ಬೆಡ್‌ಶೀಟ್ ಇರಲಿ. ಇಬ್ಬರು ಎರಡು ಕಡೆ ಹಿಡಿದು ಅದನ್ನೇ ಎತ್ತಿ ಸರಿಸಿ. ನಿಮ್ಮ ಉಗುರು ಕತ್ತರಿಸಿಕೊಳ್ಳಿ. ಉಂಗುರ, ವಾಚು ತೆಗೆದಿಡಿ. ಇದು ಸಣ್ಣದು ಅನ್ನಿಸಬಹುದು, ಆದರೆ ಆರೈಕೆ ಮಾಡುವವರ ಉಂಗುರದಿಂದಲೇ ಆದ ಗಾಯಗಳನ್ನು ನಾನು ನೋಡುತ್ತಲೇ ಇರುತ್ತೇನೆ.

ಮತ್ತೆ ಸುಲಿದರೆ? ಶುಭ್ರವಾದ ಬಟ್ಟೆ ಇಟ್ಟು ಹತ್ತು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ, ಕೈ ಎದೆಗಿಂತ ಮೇಲಿರಲಿ. ನಡುನಡುವೆ ತೆಗೆದು ನೋಡಬೇಡಿ. ರಕ್ತ ನಿಂತ ಮೇಲೆ ಸಲೈನ್‌ನಿಂದ, ಇಲ್ಲದಿದ್ದರೆ ಕುಡಿಯುವಂಥ ಶುದ್ಧ ನೀರಿನಿಂದ ತೊಳೆಯಿರಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡವೇ ಬೇಡ. ಹೊಸ ಚರ್ಮ ಕಟ್ಟುವ ಜೀವಕೋಶಗಳನ್ನೂ ಅವು ಕೊಲ್ಲುತ್ತವೆ.

ಇನ್ನು ಸುಲಿದ ಚರ್ಮ. ಅದು ಒಂದು ಕಡೆ ಸುರುಟಿಕೊಂಡು ಕೂತಿರುತ್ತದೆ. ಸತ್ತ ಚರ್ಮ ಅಂದುಕೊಂಡು ಕತ್ತರಿಸಿ ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಗಾಯಕ್ಕೆ ಅದಕ್ಕಿಂತ ಒಳ್ಳೆಯ ಮುಚ್ಚಳ ಇಲ್ಲ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಸಲೈನ್‌ನಲ್ಲಿ ಅದ್ದಿ, ಕಡ್ಡಿಯನ್ನು ಉರುಳಿಸುತ್ತಾ ಸುರುಳಿಯನ್ನು ಬಿಡಿಸಿ. ಚಾಪೆ ಬಿಚ್ಚಿ ಹಾಸಿದ ಹಾಗೆ. ಒಣಗಿ ಮೊಂಡು ಹಿಡಿದಿದ್ದರೆ ಒದ್ದೆ ಗಾಜ್ ಬಟ್ಟೆ ಐದು ಹತ್ತು ನಿಮಿಷ ಇಡಿ, ಮೆತ್ತಗಾಗುತ್ತದೆ. ಎಷ್ಟು ಬರುತ್ತದೋ ಅಷ್ಟು ಸಾಕು, ಅಂಚಿಗೆ ಅಂಚು ಕೂಡಿಸಲು ಜಗ್ಗಬೇಡಿ.

ಮೇಲೆ ಸಿಲಿಕೋನ್ ಡ್ರೆಸ್ಸಿಂಗ್ ಹಾಕಿ. ಅದು ಗಾಯಕ್ಕೆ ಅಂಟದು. ಅದರ ಮೇಲೊಂದು ಬಾಣದ ಗುರುತು ಬರೆಯಿರಿ: ಚರ್ಮ ಇನ್ನೂ ಮೈಗೆ ಅಂಟಿಕೊಂಡಿರುವ ಕಡೆಯಿಂದ ಬಿಡಿಸಿ ಹಾಸಿದ ತುದಿಯ ಕಡೆಗೆ. ತೆಗೆಯುವವರು ಯಾರೇ ಇರಲಿ, ಬಾಣದ ದಿಕ್ಕಿನಲ್ಲೇ ತೆಗೆಯಬೇಕು. ಉಲ್ಟಾ ತೆಗೆದರೆ ಕೂಡಿಕೊಂಡ ಚರ್ಮ ಮತ್ತೆ ಎದ್ದು ಬರುತ್ತದೆ. ಸೋರದೆ ಚೆನ್ನಾಗಿದ್ದರೆ ನಾಲ್ಕೈದು ದಿನ ಬಿಚ್ಚಬೇಡಿ. ದಿನಾ ಬಿಚ್ಚಿ ನೋಡುವ ಚಪಲ ಬಿಡಬೇಕು. ಡ್ರೆಸ್ಸಿಂಗ್ ಜಾರದಂತೆ ಟೇಪ್ ಬದಲು ಸಡಿಲವಾಗಿ ಬಟ್ಟೆಯ ಬ್ಯಾಂಡೇಜ್ ಸುತ್ತಿ.

ಈಗಾಗಲೇ ಅಂಟಿಸಿದ ಪ್ಲಾಸ್ಟರ್ ಇದ್ದರೆ ಅಂಚಿಗೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಡಿ. ಒಂದು ಬೆರಳಿಂದ ಚರ್ಮವನ್ನು ಒತ್ತಿ ಹಿಡಿದು, ಪ್ಲಾಸ್ಟರನ್ನು ಮೇಲಕ್ಕೆತ್ತದೆ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಿ. "ಒಂದೇ ಸಲ ಎಳೆದುಬಿಟ್ಟರೆ ನೋವಿಲ್ಲ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ತಡೆಯುವ ಉಪಾಯ ಕೇಳಿದರೆ ನನ್ನ ಓಟು ಮಾಯಿಶ್ಚರೈಸರ್‌ಗೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ವೃದ್ಧಾಶ್ರಮಗಳ ನಿವಾಸಿಗಳ ಕೈಕಾಲಿಗೆ ದಿನಕ್ಕೆರಡು ಸಲ ಹಚ್ಚಿದಾಗ ಚರ್ಮ ಹರಿಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಪರಿಮಳ ಇಲ್ಲದ್ದು ಸಾಕು, ದುಬಾರಿಯದ್ದೇ ಆಗಬೇಕಿಲ್ಲ. ಸ್ನಾನವಾಗಿ ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ, ಕೂದಲು ಬೆಳೆಯುವ ದಿಕ್ಕಿನಲ್ಲಿ ಸವರಿ. ತಿಕ್ಕಬೇಡಿ. ಸಾಮಾನ್ಯ ಸೋಪು ಕ್ಷಾರ, ಚರ್ಮ ಸ್ವಲ್ಪ ಆಮ್ಲೀಯ. ಸೋಪಿಲ್ಲದ ಕ್ಲೆನ್ಸರ್ ಮತ್ತು ಉಗುರುಬೆಚ್ಚಗಿನ ನೀರು ಒಳ್ಳೆಯದು. ಟವೆಲ್ ಒತ್ತಿ ನೀರು ಹೀರಿಸಿ. ತುಂಬುತೋಳಿನ ಬಟ್ಟೆ, ಕಾಲಿಗೆ ಉದ್ದ ಕಾಲುಚೀಲ ಹಾಕಿ. ಮಂಚದ ಮೂಲೆಗೆ ಸ್ಪಂಜು ಕಟ್ಟಿ. ಊಟದಲ್ಲಿ ಪ್ರೋಟೀನ್ ಕಡಿಮೆಯಾಗದಿರಲಿ.

ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಸುಲಿದ ಚರ್ಮ ಕಪ್ಪಾದರೆ ಅಥವಾ ಪೂರ್ತಿ ಹೋಗಿದ್ದರೆ, ಸುತ್ತ ಕೆಂಪು ಹರಡಿದರೆ, ಕೀವು, ವಾಸನೆ, ಜ್ವರ ಬಂದರೆ ಡಾಕ್ಟರ ಬಳಿ ಹೋಗಿ. ಊತ ಇರುವ ಕಾಲಿನ ಗಾಯವನ್ನಂತೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅದು ಬೇಗ ಮಾಯುವುದಿಲ್ಲ. ಟೆಟನಸ್ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ತಿಳಿಸಿ, ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ನನಗೆ 46. ತುರಿಕೆಗೆ ನಾಲ್ಕು ವರ್ಷದಿಂದ ಸ್ಟಿರಾಯ್ಡ್ ಮುಲಾಮು ಹಚ್ಚುತ್ತಿದ್ದೇನೆ. ಆ ಜಾಗ ತೆಳ್ಳಗಾಗಿ ನರ ಕಾಣುತ್ತಿದೆ. ಮೊದಲಿನಂತೆ ಆಗುತ್ತದಾ?

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತದೆ. ಮುಲಾಮು ನಿಲ್ಲಿಸಿದ ಮೇಲೆ ದಪ್ಪ ನಿಧಾನವಾಗಿ ಮರಳಬಹುದು, ಬಿದ್ದ ಬಿರಿದ ಗೆರೆಗಳು ಮಾತ್ರ ಹೋಗುವುದಿಲ್ಲ. ಆದರೆ ಇಷ್ಟು ವರ್ಷ ಹಚ್ಚಿ ಒಮ್ಮೆಲೇ ಬಿಟ್ಟರೆ ಉರಿ, ಕೆಂಪು ಜೋರಾಗಿ ತಿರುಗಿ ಬರಬಹುದು. ಚರ್ಮದ ಡಾಕ್ಟರಿಗೆ ಟ್ಯೂಬನ್ನೇ ಒಯ್ದು ತೋರಿಸಿ. ಸ್ಟಿರಾಯ್ಡ್ ಮಾತ್ರೆಯನ್ನೂ ನುಂಗುತ್ತಿದ್ದರೆ ಅದನ್ನು ತಟ್ಟನೆ ನಿಲ್ಲಿಸುವುದು ಅಪಾಯ. ಡಾಕ್ಟರ್ ಮುಲಾಮು ಮುಂದುವರಿಸಲು ಹೇಳಿದರೆ ಅಳತೆ ಇದು: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದಷ್ಟು, ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈ ಅಗಲದ ಜಾಗಕ್ಕೆ ಸಾಕು.